ಕ್ಯಾಮೆರಾ ಪಟ್ಟಿ ಮತ್ತು ಕುತ್ತಿಗೆಯ ಆರೋಗ್ಯ

ಜಾತ್ರೆ, ರಥೋತ್ಸವ ಹಾಗೂ ಲಗ್ನಗಳ ಕಾಲ ಕಳೆದ ಮೇಲೆ ಕುತ್ತಿಗೆ ನೋವೆಂದು ನಮ್ಮಲ್ಲಿಗೆ ಬರುವವರಲ್ಲಿ ಛಾಯಾಗ್ರಾಹಕರು ಇದ್ದೇ ಇರುತ್ತಾರೆ. ಕತ್ತು ಹೊರಳುವುದಿಲ್ಲ, ಬೆರಳುಗಳು ಜೋಮು ಹಿಡಿಯುತ್ತವೆ, ರಾತ್ರಿ ಮಗ್ಗುಲು ಬದಲಿಸಿದರೆ ಎಚ್ಚರವಾಗುತ್ತದೆ ಎನ್ನುತ್ತಾರೆ. ಅಂಥವರಿಗೆ ನಾವು, ಮುಂದಿನ ಸಲ ಬರುವಾಗ ಕ್ಯಾಮೆರಾವನ್ನೂ ತನ್ನಿ ಎಂದು ಹೇಳುವುದುಂಟು. ಹೆಚ್ಚಿನವರ ಕ್ಯಾಮೆರಾಕ್ಕೆ ಡಬ್ಬದೊಳಗೆ ಬಂದ ಪಟ್ಟಿಯೇ ಇರುತ್ತದೆ. ಅಂಚು ಒರಟಾಗಿ, ಒಳಮೈ ಬಿರಿದಿರುತ್ತದೆ. ಕಂಪನಿಯ ಹೆಸರನ್ನು ಮೆರೆಸುವುದಕ್ಕೆ ಅದು ಚೆನ್ನಾಗಿದೆ. ದಿನವಿಡೀ ಭಾರ ಹೊರುವುದಕ್ಕೆ ಅಷ್ಟು ಚೆನ್ನಾಗಿಲ್ಲ.

ಭಾರ ಎಷ್ಟೆಂದು ನೋಡೋಣ. ವೃತ್ತಿಪರರು ಬಳಸುವ ನಿಕಾನ್ ಡಿ850 ಕ್ಯಾಮೆರಾ ಬ್ಯಾಟರಿ ಸಹಿತ ಸುಮಾರು 1 ಕಿಲೋ ತೂಗುತ್ತದೆ. ರಥದ ಕಳಸವನ್ನು ಹತ್ತಿರ ತೋರಿಸುವ 70–200 ಎಂ.ಎಂ. ಲೆನ್ಸ್ ಅದಕ್ಕೆ ಸೇರಿದರೆ ಒಟ್ಟು 2.4 ಕಿಲೋ ಆಸುಪಾಸು. ಇದೇನು ಮಹಾ ಭಾರ, ನಮ್ಮ ತಾಯಂದಿರು ಹತ್ತು ಕಿಲೋದ ಕೊಡ ಹೊತ್ತು ನಡೆಯಲಿಲ್ಲವೇ ಎಂದು ಕೇಳುವವರುಂಟು. ತಲೆಯ ಮೇಲಿನ ಕೊಡದ ಭಾರ ಬೆನ್ನುಮೂಳೆಯ ನೇರಕ್ಕೆ ಇಳಿಯುತ್ತದೆ. ಕೊರಳಿಗೆ ತೂಗುಹಾಕಿದ ಕ್ಯಾಮೆರಾ ಹಾಗಲ್ಲ, ಎದೆಯ ಮುಂದೆ ಜೋತು ಕುತ್ತಿಗೆಯನ್ನು ಮುಂದಕ್ಕೆ ಎಳೆಯುತ್ತದೆ. ಹಿಂಗತ್ತಿನ ಸ್ನಾಯುಗಳು ಗಂಟೆಗಟ್ಟಲೆ ಅದನ್ನು ಹಿಂದಕ್ಕೆ ಜಗ್ಗುತ್ತಲೇ ಇರಬೇಕಾಗುತ್ತದೆ. ಅಮೆರಿಕದ ಬೆನ್ನುಮೂಳೆ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ ಅವರು 2014ರಲ್ಲಿ ಪ್ರಕಟಿಸಿದ ಲೆಕ್ಕಾಚಾರದಂತೆ, ಸುಮಾರು 5 ಕಿಲೋ ತೂಗುವ ತಲೆಯನ್ನು 30 ಅಂಶ ಬಾಗಿಸಿದರೆ ಕುತ್ತಿಗೆಯ ಮೇಲೆ 18 ಕಿಲೋದಷ್ಟೂ 60 ಅಂಶ ಬಾಗಿಸಿದರೆ 27 ಕಿಲೋದಷ್ಟೂ ಒತ್ತಡ ಬೀಳುತ್ತದೆ. ಇದು ಬರಿಯ ತಲೆಯ ಲೆಕ್ಕ. ತೆಗೆದ ಚಿತ್ರವನ್ನು ಪರದೆಯಲ್ಲಿ ಬಗ್ಗಿ ನೋಡುವಾಗ ಕ್ಯಾಮೆರಾ ಕೊರಳಲ್ಲೇ ಇದ್ದರೆ ಅದರ ಎಳೆತವೂ ಸೇರಿತು.

ಸುಶ್ರುತ ಸಂಹಿತೆಯ ನಿದಾನಸ್ಥಾನವು ಮನ್ಯಾಸ್ತಂಭಕ್ಕೆ, ಅಂದರೆ ಕತ್ತು ಬಿಗಿದುಕೊಳ್ಳುವ ವ್ಯಾಧಿಗೆ, ಕಾರಣಗಳನ್ನು ಹೇಳುವಾಗ ಹಗಲುನಿದ್ರೆಯ ಜೊತೆಗೆ ವಕ್ರವಾಗಿ ಮೇಲಕ್ಕೆ ನೋಡುವುದನ್ನೂ ಸೇರಿಸಿದೆ. ತೇರಿನ ಬುಡದಲ್ಲಿ ನಿಂತು ಕಳಸಕ್ಕೆ ಕ್ಯಾಮೆರಾ ಹಿಡಿಯುವವರ ಭಂಗಿ ಇದೇ ಅಲ್ಲವೇ? ಚಿಕಿತ್ಸೆಯಲ್ಲಿ ಮೊದಲನೆಯದು ನಿದಾನ ಪರಿವರ್ಜನೆ, ಕಾರಣವನ್ನೇ ದೂರಮಾಡುವುದು. ಮೇಲೆ ನೋಡುವುದನ್ನು ಛಾಯಾಗ್ರಾಹಕರು ಬಿಡಲಾರರು. ಪಟ್ಟಿಯನ್ನಂತೂ ಬದಲಿಸಬಹುದು. ಅದನ್ನು ಬದಲಿಸದೆ ತೈಲ ಹಚ್ಚಿಕೊಂಡು ಮರುದಿನ ಅದೇ ಭಾರವನ್ನು ಅದೇ ಜಾಗಕ್ಕೆ ಹೇರಿದರೆ ತೈಲದ ಖರ್ಚಷ್ಟೇ ಉಳಿಯುತ್ತದೆ.

ಕ್ಯಾಮೆರಾ ಭಾರವಾಗಿದ್ದರೆ ಕೊರಳಿಗೆ ಹಾಕುವ ಬಗೆಯನ್ನೇ ಬಿಡಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಒಂದು ಹೆಗಲಿನಿಂದ ಎದೆಗೆ ಅಡ್ಡವಾಗಿ ಇಳಿದು ಎದುರು ಬದಿಯ ಸೊಂಟದ ಬಳಿ ಕ್ಯಾಮೆರಾ ನಿಲ್ಲುವಂಥ ಉದ್ದದ ಪಟ್ಟಿ ಲೇಸು. ನಡೆಯುವಾಗ ಕ್ಯಾಮೆರಾ ಸೊಂಟದ ಮೂಳೆಗೆ ಬಡಿಯುತ್ತಿದ್ದರೆ ಉದ್ದವನ್ನು ಸ್ವಲ್ಪ ಸರಿಹೊಂದಿಸಿಕೊಳ್ಳಬೇಕು. ಎರಡು ಕ್ಯಾಮೆರಾ ಹೊರುವವರಿಗೆ ಎರಡೂ ಹೆಗಲಿಗೆ ಭಾರ ಹಂಚುವ ಜೋಡಿಪಟ್ಟಿ ಸಿಗುತ್ತದೆ. ಎದೆಯ ಮೇಲ್ಭಾಗದಲ್ಲಿ ಪೇಸ್‌ಮೇಕರ್ ಅಳವಡಿಸಿಕೊಂಡವರು ಆ ಬದಿಯ ಹೆಗಲಿಗೆ ಪಟ್ಟಿ ಹಾಕಲೇಬಾರದು. ಸಾಮಾನ್ಯವಾಗಿ ಅದು ಎಡಗಡೆ ಇರುತ್ತದೆ.

ಅಗಲ ಇಮ್ಮಡಿಯಾದರೆ, ಅಷ್ಟೂ ಅಗಲ ಮೈಗೆ ತಾಗುವಂತಿದ್ದರೆ, ಅದೇ ಭಾರದ ಒತ್ತಡ ಅರ್ಧಕ್ಕಿಳಿಯುತ್ತದೆ. ಕಿರಿದಾದ ಪಟ್ಟಿ ಕತ್ತಿನ ಬುಡವನ್ನು ಕೊರೆಯುತ್ತದೆ, ಅಲ್ಲಿಂದ ತೋಳಿಗೆ ಇಳಿಯುವ ನರಗಳ ಗುಂಪನ್ನೂ ಒತ್ತಬಹುದು. ಆದ್ದರಿಂದ ನಾಲ್ಕರಿಂದ ಐದು ಸೆಂಟಿಮೀಟರ್ ಅಗಲವಿರಲಿ, ಅಂಚು ಮೆತ್ತಗಿರಲಿ. ರಬ್ಬರಿನಂತೆ ಹಿಗ್ಗುವ ನಿಯೋಪ್ರೀನ್ ಪಟ್ಟಿ ಅಂಗಡಿಯಲ್ಲಿ ಹಾಕಿ ನೋಡಿದಾಗ ಬಲು ಹಿತವೆನಿಸುತ್ತದೆ, ಹಗುರ ಕ್ಯಾಮೆರಾಕ್ಕೆ ಒಳ್ಳೆಯದೇ. ಭಾರದ ಲೆನ್ಸ್ ಇದ್ದಾಗ ಮಾತ್ರ ಹೆಜ್ಜೆಹೆಜ್ಜೆಗೂ ಕ್ಯಾಮೆರಾ ಕುಣಿಯುತ್ತದೆ. ಕಾರಿನ ಸೀಟ್ ಬೆಲ್ಟಿನಂಥ ನುಣುಪು ನೈಲಾನ್ ಅಡ್ಡ ಹಾಕುವವರಿಗೆ ಅನುಕೂಲ, ಕ್ಯಾಮೆರಾವನ್ನು ಕಣ್ಣಿಗೆ ಎತ್ತುವಾಗ ಬಟ್ಟೆಯ ಮೇಲೆ ಸರಾಗ ಜಾರುತ್ತದೆ. ಒಂದೇ ಹೆಗಲಿಗೆ ತೂಗುಹಾಕುವ ಅಭ್ಯಾಸದವರಿಗೆ ಅದೇ ನುಣುಪು ಅಪಾಯ. ಬಣ್ಣದ ಚರ್ಮದ ಪಟ್ಟಿ ಬೆವರಿಗೆ ಬಣ್ಣ ಬಿಟ್ಟು ಬಿಳಿ ಅಂಗಿಯನ್ನು ಕೆಡಿಸಬಹುದು. ಬೆವರಿನಿಂದ ತುರಿಕೆಯಾಗುವವರಿಗೆ ಹತ್ತಿಯ ಪಟ್ಟಿ ವಾಸಿ, ಆಗಾಗ ಒಗೆಯಬಹುದು.

ಇನ್ನು ಭದ್ರತೆಯ ಮಾತು. ಸಾಲ ಮಾಡಿ ಕೊಂಡ ಕ್ಯಾಮೆರಾ ಒಂದು ಮನೆಯ ಅನ್ನದ ದಾರಿ. ಅದು ಕಲ್ಲುಹಾಸಿನ ಮೇಲೆ ಬಿದ್ದರೆ ಆ ಹಂಗಾಮಿನ ದುಡಿಮೆಯೂ ಅದರೊಡನೆ ಹೋಯಿತು. ಪಟ್ಟಿಯೇ ಹರಿಯುವುದು ಅಪರೂಪ, ಕೈಕೊಡುವುದು ಸಂದುಗಳು. ಕ್ಯಾಮೆರಾದ ಇಬ್ಬದಿಯ ಕಿವಿಗಳಲ್ಲಿ ಪೋಣಿಸುವ ಪಟ್ಟಿಯ ತುದಿ ಒಂದು ಸೆಂಟಿಮೀಟರಿನಷ್ಟೇ ಅಗಲವಿರುತ್ತದೆ. ಅದರ ಬಾಲವನ್ನು ಬಕಲ್‌ನೊಳಗೆ ಹಿಂದಿರುಗಿಸಿ ಪೋಣಿಸಿ, ಕನಿಷ್ಠ ಐದು ಸೆಂಟಿಮೀಟರ್ ಹೊರಗುಳಿಸಬೇಕು. ಅಂಚಿನಲ್ಲೇ ಸಿಕ್ಕಿಸಿದ ಬಾಲ ಒಂದು ದಿನ ಜಾರುತ್ತದೆ. ಬೇಗ ಬಿಚ್ಚಿಡಬಲ್ಲ ಕೊಂಡಿಗಳೂ ಬಂದಿವೆ. ಪೀಕ್ ಡಿಸೈನ್ ಕಂಪನಿಯ ಕೊಂಡಿಗೆ 90 ಕಿಲೋ ತಾಳಿಕೆಯನ್ನು ತಯಾರಕರು ಹೇಳುತ್ತಾರೆ. ಅದರ ದಾರ ಸವೆದಾಗ ಒಳಗಿನ ಬೇರೆ ಬಣ್ಣ ಹೊರಗೆ ಕಾಣುತ್ತದೆ, ಕಂಡೊಡನೆ ಬದಲಿಸಬೇಕು. ಅದೇ ರೂಪದ ಅಗ್ಗದ ನಕಲುಗಳನ್ನು ನಾವು ನಂಬುವುದಿಲ್ಲ. ಕ್ಯಾಮೆರಾದ ತಳದ ಕಾಲಿಂಚು ತಿರುಪಿಗೆ ಜೋಡಿಸುವ ಪಟ್ಟಿ ಹಿತವಾದದ್ದೇ, ಆದರೆ ನಡೆಯುತ್ತ ನಡೆಯುತ್ತ ತಿರುಪು ಸಡಿಲವಾಗಬಹುದು. ಗಂಟೆಗೊಮ್ಮೆ ಬೆರಳಿನಿಂದ ಬಿಗಿಮಾಡುವುದು, ಕ್ಯಾಮೆರಾದ ಕಿವಿಯಿಂದ ಪಟ್ಟಿಗೆ ಇನ್ನೊಂದು ರಕ್ಷಣಾ ದಾರ ಕಟ್ಟುವುದು ಕ್ಷೇಮ. ಭಾರಿ ಲೆನ್ಸ್‌ಗೆ ತನ್ನದೇ ಕಾಲು ಇದ್ದರೆ ಪಟ್ಟಿಯನ್ನು ಅದಕ್ಕೇ ಜೋಡಿಸಿರಿ, ಲೆನ್ಸ್ ಕೂರುವ ಬಾಯಿಗೆ ಶ್ರಮ ತಪ್ಪುತ್ತದೆ.

ಊರಿನ ಚೀಲ ಹೊಲಿಯುವವರಿಂದಲೂ ಒಳ್ಳೆಯ ಪಟ್ಟಿ ಮಾಡಿಸಬಹುದು. ನೈಲಾನ್ ದಾರದಲ್ಲಿ, ಚೌಕದೊಳಗೆ ಕತ್ತರಿ ಗುರುತು ಬರುವಂತೆ ಹೊಲಿಸಿರಿ. ಹತ್ತಿದಾರ ಬೆವರಿಗೆ ಬೇಗ ಜೀರ್ಣವಾಗುತ್ತದೆ. ಹೊಸ ಪಟ್ಟಿ ಯಾವುದೇ ಇರಲಿ, ಮೊದಲು ಕ್ಯಾಮೆರಾದ ಎರಡರಷ್ಟು ತೂಕದ ಅಕ್ಕಿಚೀಲ ಕಟ್ಟಿ ಒಂದು ರಾತ್ರಿ ತೂಗುಹಾಕಿ, ಬೆಳಿಗ್ಗೆ ಹೊಲಿಗೆ ನೋಡಿರಿ. ತೇರಿನ ಮಿಣಿಯ ಸಮೀಪ, ನೂಕುನುಗ್ಗಲಿನಲ್ಲಿ, ಬೈಕಿನ ಸವಾರಿಯಲ್ಲಿ ಪಟ್ಟಿಯನ್ನು ಕೊರಳಿಗೆ ಹಾಕಿರಬೇಡಿ. ಸಿಕ್ಕಿಬಿದ್ದರೆ ಕ್ಯಾಮೆರಾಕ್ಕಿಂತ ಮೊದಲು ಕತ್ತಿಗೆ ಪೆಟ್ಟು.

ದಣಿದ ದಿನ ರಾತ್ರಿ ಕ್ಷೀರಬಲಾ ತೈಲವನ್ನೋ ಮಹಾನಾರಾಯಣ ತೈಲವನ್ನೋ ಬೆಚ್ಚಗೆ ಮಾಡಿ ಕತ್ತು, ಹೆಗಲಿಗೆ ಮೃದುವಾಗಿ ಸವರಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ ಕೊಡಬಹುದು. ಬೆಳಿಗ್ಗೆ ಎಣ್ಣೆಯ ಜಿಡ್ಡು ತೊಳೆದುಕೊಂಡೇ ಪಟ್ಟಿ ಹಾಕಿಕೊಳ್ಳಬೇಕು. ಜಿಡ್ಡು ರಬ್ಬರನ್ನು ಕೆಡಿಸುತ್ತದೆ, ಹಿಡಿತವನ್ನೂ ತಪ್ಪಿಸುತ್ತದೆ. ಪಟ್ಟಿ ಬದಲಿಸಿದ ಮೇಲೂ ಬೆರಳ ಜೋಮು ಎರಡು ವಾರಗಳಲ್ಲಿ ಇಳಿಯದಿದ್ದರೆ ವೈದ್ಯರಿಗೆ ತೋರಿಸಿರಿ. ಕೈಯಿಂದ ವಸ್ತುಗಳು ಜಾರತೊಡಗಿದರೆ, ನಡಿಗೆ ತಪ್ಪತೊಡಗಿದರೆ ತೈಲ, ಶಾಖಗಳನ್ನು ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಎಂ.ಆರ್.ಐ. ಪರೀಕ್ಷೆ ಬೇಕೆಂದರೆ ಮುಂದೂಡಬಾರದು.