ನಿತ್ಯೋತ್ಸವದ ಧ್ವನಿಸುರುಳಿ

ನವೆಂಬರ್ ಒಂದನೆಯ ತಾರೀಖಿನ ಬೆಳಗ್ಗೆ ಕನ್ನಡನಾಡಿನ ಯಾವ ಊರಿಗೆ ಹೋದರೂ ಒಂದು ಹಾಡು ಕಿವಿಗೆ ಬೀಳುವುದುಂಟು. ತುಮಕೂರಿನ ಶೆಟ್ಟಿಹಳ್ಳಿಯಾಗಲಿ, ಗುಬ್ಬಿ ಕುಣಿಗಲುಗಳ ಹಳ್ಳಿಗಳಾಗಲಿ, ರಾಜ್ಯೋತ್ಸವದ ಧ್ವಜವೇರುವ ಹೊತ್ತಿಗೆ ‘ನಿತ್ಯೋತ್ಸವ’ ಗೀತೆಯನ್ನು ಹಾಡುವುದು ವಾಡಿಕೆಯಾಗಿದೆ. ಮಕ್ಕಳು ಅದನ್ನು ಪುಸ್ತಕ ನೋಡದೆಯೇ ಹಾಡಬಲ್ಲರು. ಆದರೆ ಅದನ್ನು ಬರೆದವರು ಯಾರು, ಅದು ನಮ್ಮ ನಾಲಗೆಗೆ ಬಂದ ಬಗೆ ಯಾವುದು ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ.

ಈ ಗೀತೆಯ ಕರ್ತೃ ಕೆ.ಎಸ್. ನಿಸಾರ್ ಅಹಮದ್. 1936ರಲ್ಲಿ ದೇವನಹಳ್ಳಿಯಲ್ಲಿ ಜನಿಸಿದ ಇವರು ಓದಿದ್ದು ಭೂವಿಜ್ಞಾನ; ಬಹುಕಾಲ ಬೋಧಿಸಿದ್ದೂ ಅದನ್ನೇ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿಯೂ ಇವರು ಅಧ್ಯಾಪಕರಾಗಿದ್ದರು. ಜೋಗದ ಜಲಪಾತ, ತುಂಗಾನದಿ, ಸಹ್ಯಾದ್ರಿಯ ಶಿಖರಗಳು ಆ ಸೀಮೆಯವೇ. ಅವುಗಳ ಚೆಲುವನ್ನು ಕೊಂಡಾಡಿದ ಕವಿ ಪರ್ವತದ ಒಡಲಿನ ಅದಿರನ್ನೂ ಮರೆಯಲಿಲ್ಲ. ಹೂವು ಹೊಳೆಗಳನ್ನು ಎಲ್ಲ ಕವಿಗಳೂ ಕಾಣುತ್ತಾರೆ. ನಾಡನ್ನು ಹೊಗಳುವಾಗ ಅದಿರನ್ನು ನೆನೆಯಲು ಕಲ್ಲುಮಣ್ಣುಗಳನ್ನು ಬಲ್ಲ ಕಣ್ಣು ಬೇಕು.

ಹೆಸರಿನಲ್ಲಿಯೂ ಅರ್ಥವಿದೆ. ದೇವಾಲಯಗಳಲ್ಲಿ ವರ್ಷಕ್ಕೊಮ್ಮೆ ನಡೆಯುವುದು ರಥೋತ್ಸವ; ಪ್ರತಿದಿನವೂ ನಡೆಯುವುದು ನಿತ್ಯೋತ್ಸವ. ಕವಿ ಈ ಮಾತನ್ನು ಗುಡಿಯಿಂದ ಬಯಲಿಗೆ ತಂದು ನಾಡತಾಯಿಗೆ ಒಪ್ಪಿಸಿದರು. 1976ರಲ್ಲಿ ಇದೇ ಹೆಸರಿನ ಕವನಸಂಕಲನ ಪ್ರಕಟವಾಯಿತು.

ಪುಸ್ತಕದ ಕವಿತೆ ಜನರ ಕಂಠವನ್ನು ಸೇರಲು ಒಂದು ಹಾದಿ ಬೇಕು. ಗುಬ್ಬಿ ವೀರಣ್ಣನವರ ಕಾಲದಲ್ಲಿ ರಂಗಗೀತೆಗಳು ಗ್ರಾಮಾಫೋನ್ ತಟ್ಟೆಗಳ ಮೂಲಕ ಮನೆಗಳನ್ನು ತಲಪುತ್ತಿದ್ದವು. ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಿಮಿಷಗಳ ಹಾಡಿಗಷ್ಟೇ ಎಡೆಯಿತ್ತು. ಅದನ್ನು ನುಡಿಸುವ ಯಂತ್ರ ಅನುಕೂಲಸ್ಥರ ಸೊತ್ತಾಗಿತ್ತು. ಮುಂದೆ ಪಿ. ಕಾಳಿಂಗರಾಯರು ಕವಿಗಳ ಗೀತೆಗಳನ್ನು ಹಾಡಿ ಜನಪ್ರಿಯಗೊಳಿಸಿದರು. 1963ರಲ್ಲಿ ಫಿಲಿಪ್ಸ್ ಸಂಸ್ಥೆಯು ಅಂಗೈಯಲ್ಲಿ ಹಿಡಿಯುವ ಕ್ಯಾಸೆಟ್ಟನ್ನು ಹೊರತಂದಿತು. ಇದನ್ನೇ ನಾವು ಧ್ವನಿಸುರುಳಿ ಎನ್ನುತ್ತೇವೆ. ಅದರೊಳಗಿನ ತೆಳುವಾದ ಪ್ಲಾಸ್ಟಿಕ್ ಪಟ್ಟಿಗೆ ಕಬ್ಬಿಣದ ಆಕ್ಸೈಡಿನ ಲೇಪವಿರುತ್ತದೆ. ಧ್ವನಿಯು ವಿದ್ಯುತ್ತಾಗಿ ಮಾರ್ಪಟ್ಟು ಆ ಕಣಗಳಲ್ಲಿ ಕಾಂತತ್ವದ ಗುರುತನ್ನು ಮೂಡಿಸುತ್ತದೆ. ಸುರುಳಿ ಮತ್ತೆ ತಿರುಗಿದಾಗ ಆ ಗುರುತೇ ಧ್ವನಿಯಾಗಿ ಹೊರಬರುತ್ತದೆ. ಅರ್ಧ ಗಂಟೆಯ ಹಾಡು ಒಂದು ಮಗ್ಗುಲಿಗೆ ಹಿಡಿಸುತ್ತಿತ್ತು.

1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸ್ವರಸಂಯೋಜನೆಯಲ್ಲಿ ನಿಸಾರರ ಗೀತೆಗಳು ಧ್ವನಿಸುರುಳಿಯಾಗಿ ಬಂದವು. ಕನ್ನಡ ಸುಗಮಸಂಗೀತದ ಮೊದಲ ಧ್ವನಿಸುರುಳಿಯೆಂದು ‘ನಿತ್ಯೋತ್ಸವ’ ಹೆಸರಾಯಿತು. ಅದಿರನ್ನು ನೆನೆದ ಕವಿತೆ ಕಬ್ಬಿಣದ ಪುಡಿಯ ಮೇಲೆಯೇ ನೆಲಸಿ ನಾಡನ್ನು ಸುತ್ತಿತು. ಅಕ್ಷರ ಬಾರದವರಿಗೂ ಕವಿತೆ ದಕ್ಕಿತು.

ನಿಸಾರರ ಗೀತೆಗಳಲ್ಲಿ ಒಂದೇ ಭಾವವಿಲ್ಲ. ‘ಬೆಣ್ಣೆ ಕದ್ದ ನಮ್ಮ ಕೃಷ್ಣ’ದಲ್ಲಿ ತುಂಟತನ ನಲಿಯುತ್ತದೆ, ‘ಮತ್ತದೇ ಬೇಸರ’ದಲ್ಲಿ ಸಂಜೆಯ ಒಂಟಿತನ ಹಳೆಯ ನೆನಪನ್ನು ಕೆದಕುತ್ತದೆ, ‘ಕುರಿಗಳು ಸಾರ್ ಕುರಿಗಳು’ ನಗಿಸುತ್ತಲೇ ನಮ್ಮನ್ನು ಚುಚ್ಚುತ್ತದೆ. ಮುಸ್ಲಿಂ ಮನೆತನದ ಕವಿಯೊಬ್ಬರು ಬಾಲಕೃಷ್ಣನನ್ನು ‘ನಮ್ಮವ’ನೆಂದು ಕರೆದುದರಲ್ಲಿ ಕನ್ನಡ ಸಂಸ್ಕೃತಿಯ ವೈಶಾಲ್ಯವನ್ನು ಕಾಣಬಹುದು.

ರಾಗ ಕೂಡಿದಾಗ ಕವಿತೆಗೆ ಲಾಭವೂ ಉಂಟು, ನಷ್ಟವೂ ಉಂಟು. ಇಂಪಿಗೆ ಮನಸೋತವರು ಅರ್ಥವನ್ನು ಮರೆಯಬಹುದು. ಹಾಡು ಉಳಿದು ಕವಿಯ ಹೆಸರು ಅಳಿಸಿಹೋಗಬಹುದು. ಆದುದರಿಂದ ಕೇಳಿದ ಗೀತೆಯನ್ನು ಒಮ್ಮೆಯಾದರೂ ಓದಬೇಕು. ಓದಿದಾಗ ಅದಿರು ಕಣ್ಣಿಗೆ ಬೀಳುತ್ತದೆ. ಬರಿದೆ ಹಾಡುವಾಗ ಅದು ಜಾರಿಹೋಗುತ್ತದೆ.

ಅನಂತಸ್ವಾಮಿಯವರು 1995ರಲ್ಲಿ, ನಿಸಾರರು 2020ರಲ್ಲಿ ನಮ್ಮನ್ನಗಲಿದರು. ಧ್ವನಿಸುರುಳಿಯ ಕಾಲವೂ ಮುಗಿಯಿತು. ಹಾಡು ಮಾತ್ರ ಉಳಿದಿದೆ. ಆದರೆ ವರ್ಷಕ್ಕೊಂದು ದಿನ ಹಾಡಿ ಮರೆತರೆ ಅದು ರಥೋತ್ಸವವಾಗುತ್ತದೆಯೇ ಹೊರತು ನಿತ್ಯೋತ್ಸವವಾಗುವುದಿಲ್ಲ. ನಾಡಿನ ನೀರು, ಮಣ್ಣು, ನುಡಿಗಳನ್ನು ದಿನದಿನವೂ ಪ್ರೀತಿಯಿಂದ ಕಾಪಾಡುವವನೇ ಆ ಗೀತೆಯನ್ನು ನಿಜವಾಗಿ ಹಾಡಿದವನು.