ಮಣ್ಣಿನ ನಕ್ಷೆಯನ್ನು ಎಷ್ಟು ನಂಬಬೇಕು?

ಮಣ್ಣಿನ ನಕ್ಷೆಯಲ್ಲಿ ಗ್ರಾಮವೆಲ್ಲ ಒಂದೇ ಬಣ್ಣದಲ್ಲಿದ್ದರೆ ಅಲ್ಲಿನ ಹೊಲಗಳೆಲ್ಲ ಒಂದೇ ತೆರನೆಂದು ರೈತರು ತಿಳಿಯಬಾರದು. ಮೊದಲು ನೋಡಬೇಕಾದದ್ದು ನಕ್ಷೆಯ ಪ್ರಮಾಣ. 1:2,50,000 ಪ್ರಮಾಣದ ನಕ್ಷೆಯಲ್ಲಿ ಒಂದು ಮಿಲಿಮೀಟರು ಎಂದರೆ ನೆಲದ ಮೇಲೆ 250 ಮೀಟರು. ಒಂದು ಚದರ ಮಿಲಿಮೀಟರಿನಲ್ಲಿ ಸುಮಾರು 15 ಎಕರೆ ಅಡಗುತ್ತದೆ. ನಾಲ್ಕು ಎಕರೆಯ ಹಿಡುವಳಿ ಅದರಲ್ಲಿ ಕಾಣುವುದೇ ಇಲ್ಲ. ಜಿಲ್ಲೆಯ ಯೋಜನೆಗೆ ಇದು ಸಾಕು, ಹೊಲದ ಗೊಬ್ಬರಕ್ಕೆ ಸಾಲದು. ಕರ್ನಾಟಕದ ಸುಜಲಾ-3 ಯೋಜನೆಯಲ್ಲಿ ಸರ್ವೆ ನಂಬರುಗಳಿರುವ 1:7,920 ಪ್ರಮಾಣದ ಗ್ರಾಮನಕ್ಷೆಯ ಮೇಲೆಯೇ ಮಣ್ಣುಗಳನ್ನು ಗುರುತಿಸಲಾಯಿತು. ಅದರಲ್ಲಿ ಅದೇ ನಾಲ್ಕು ಎಕರೆ ಸುಮಾರು ಒಂದೂವರೆ ಸೆಂಟಿಮೀಟರಿನ ಚೌಕ.

ಸಾರಾಂಶಗಳ ನಕ್ಷೆಯ ತೊಡಕು ಬೇರೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ನೀರಾವರಿ ಜಮೀನಿನಲ್ಲಿ 2.5 ಹೆಕ್ಟೇರಿಗೆ, ಮಳೆಯಾಶ್ರಯದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿಯೆಂದು ಗೊತ್ತುಮಾಡಲಾಯಿತು. ಹತ್ತು ಹೆಕ್ಟೇರಿನಲ್ಲಿ ದಿಣ್ಣೆಯ ಕೆಂಪು ಮಣ್ಣೂ ತಗ್ಗಿನ ಎರೆಯೂ ಇರಬಹುದು! ಮಾದರಿ ತೆಗೆಯದ ನಡುವಿನ ಜಾಗವನ್ನು ಗಣಕಯಂತ್ರ ಲೆಕ್ಕದಿಂದ ತುಂಬುತ್ತದೆ. ಆದ್ದರಿಂದ ಬಣ್ಣ ಬದಲಾಗುವ ಗೆರೆಯನ್ನು ಹೊಲದ ಬದುವಿನಂತೆ ಖಚಿತವೆಂದು ಭಾವಿಸತಕ್ಕದ್ದಲ್ಲ.

ಸೆಂಟಿನೆಲ್-2 ಉಪಗ್ರಹಗಳು 10 ಮೀಟರಿನಷ್ಟು ಸೂಕ್ಷ್ಮವಾಗಿ ನೆಲವನ್ನು ಚಿತ್ರಿಸುತ್ತವೆ. ಆದರೆ ಕಾಣುವುದು ಮೇಲ್ಮೈ ಮಾತ್ರ. ಬೆಳೆ ಮುಚ್ಚಿದಾಗ ಅದೂ ಇಲ್ಲ. ಮಣ್ಣಿನ ಆಳ ತಿಳಿಯಲು ಗುಂಡಿ ತೋಡಲೇಬೇಕು. ಯಾವ ಭಾಗದ ಅಂದಾಜನ್ನು ಎಷ್ಟು ನಂಬಬಹುದೆಂದು ತಾವೇ ತೋರಿಸುವ ನಕ್ಷೆಗಳೂ ಈಗ ಬರುತ್ತಿದ್ದು, ಸೂಕ್ಷ್ಮ ಚಿತ್ರಕ್ಕಿಂತ ಇದೇ ಹೆಚ್ಚು ಉಪಯುಕ್ತ.

ನಕ್ಷೆಯ ವರ್ಷವನ್ನೂ ಗಮನಿಸಬೇಕು. ಆಳ, ಕಣರಚನೆ ಬೇಗ ಬದಲಾಗುವುದಿಲ್ಲ; ಲಭ್ಯ ಸಾರಜನಕ ಒಂದೇ ಹಂಗಾಮಿನಲ್ಲಿ ಬದಲಾಗುತ್ತದೆ. ಸತುವಿನ ಸಲ್ಫೇಟಿಗೋ ಜಿಪ್ಸಂಗೋ ಹಣ ಹಾಕುವ ಮುನ್ನ ಕೆಂಪು ಭಾಗದ್ದನ್ನೂ ಎರೆ ಭಾಗದ್ದನ್ನೂ ಬೇರೆಬೇರೆಯಾಗಿ ಪರೀಕ್ಷೆಗೆ ಕಳುಹಿಸುವುದು ಲೇಸು.