‘ಒಥೆಲೊ’ ನಾಟಕದಲ್ಲಿ ಸಂಶಯದ ವ್ಯಾಕರಣ

ಶೇಕ್ಸ್‌ಪಿಯರ್ ಮಹಾಕವಿಯ ‘ಒಥೆಲೊ’ ರುದ್ರನಾಟಕವನ್ನು ಓದಿದ ವಿದ್ಯಾರ್ಥಿಗಳಲ್ಲಿ ಬಹುಮಂದಿ ಎರಡು ತೀರ್ಮಾನಗಳಲ್ಲಿ ಒಂದಕ್ಕೆ ಬಂದು ನಿಲ್ಲುತ್ತಾರೆ: ಒಥೆಲೊ ಮೂರ್ಖ, ಇಲ್ಲವೆ ಇಯಾಗೊ ಮಹಾ ಸುಳ್ಳುಗಾರ. ಮೊದಲನೆಯದನ್ನು ಒಪ್ಪಿದರೆ ನಾಟಕವು ಪ್ರಹಸನದ ಮಟ್ಟಕ್ಕಿಳಿಯುತ್ತದೆ. ಎರಡನೆಯದನ್ನು ಒಪ್ಪಿದರೆ ಕೇಳಿ ನಂಬಿದವನ ಹೊಣೆಯೇ ಅಳಿಸಿಹೋಗುತ್ತದೆ. ಇಯಾಗೊವಿನ ವಂಚನೆ ಮುಖ್ಯವಾಗಿ ಸುಳ್ಳಾಡುವುದರಲ್ಲಿಲ್ಲ. ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದರ್ಧವನ್ನು ಕೇಳುವವನಿಂದಲೇ ಪೂರ್ತಿಮಾಡಿಸುವುದರಲ್ಲಿದೆ. ಈ ಬಗೆಯ ಮಾತಿಗೆ ಕನ್ನಡದಲ್ಲಿ ವ್ಯಾಕರಣದ ನೆರವೇ ಒದಗಿರುವುದರಿಂದ, ನಮ್ಮ ಭಾಷೆಯ ಮೂಲಕ ಈ ನಾಟಕವನ್ನು ನೋಡುವುದು ಅಧ್ಯಾಪಕರಿಗೆ ಉಪಯುಕ್ತವಾದೀತೆಂದು ಭಾವಿಸಿದ್ದೇವೆ.

1604ನೆಯ ನವೆಂಬರ್ 1ರಂದು ಇಂಗ್ಲೆಂಡಿನ ದೊರೆ ಜೇಮ್ಸನ ಆಸ್ಥಾನದಲ್ಲಿ ಪ್ರಯೋಗಗೊಂಡ ಈ ನಾಟಕದ ಕಥೆ 1565ರಲ್ಲಿ ಅಚ್ಚಾದ ಚಿಂತಿಯೋ ಎಂಬ ಇಟಲಿಯ ಲೇಖಕನ ಕಥಾಸಂಗ್ರಹದಿಂದ ಬಂದುದು. ಮೂಲಕಥೆಯಲ್ಲಿ ವಂಚಕನ ಉದ್ದೇಶ ಸ್ಪಷ್ಟವಾಗಿದೆ: ಆತ ನಾಯಕಿಯನ್ನು ಬಯಸಿ, ಅದು ಕೈಗೂಡದೆ ಹೋದಾಗ ದ್ವೇಷಕ್ಕೆ ತಿರುಗುತ್ತಾನೆ. ಶೇಕ್ಸ್‌ಪಿಯರ್ ಈ ಸುಲಭವಾದ ಕಾರಣವನ್ನು ಹಿಂದಕ್ಕೆ ಸರಿಸಿದನು. ಅದರ ಸ್ಥಾನದಲ್ಲಿ ಅರೆಬರೆ ಕಾರಣಗಳು ಹಲವು ಬಂದವು. ಪದವಿ ಕ್ಯಾಸಿಯೊಗೆ ದೊರೆತುದು ಒಂದು. ತನ್ನ ಹೆಂಡತಿ ಎಮಿಲಿಯಳಿಗೂ ಒಥೆಲೊಗೂ ಸಂಬಂಧವಿತ್ತೆಂಬ ಗಾಳಿಮಾತು ಇನ್ನೊಂದು. ಕವಿ ಕೋಲ್‌ರಿಜ್ ಇವನಲ್ಲಿ ಕಾರಣವಿಲ್ಲದ ಕೇಡನ್ನು ಕಂಡನು. ಆ ಮಾತನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಆ ಗಾಳಿಮಾತು ನಿಜವೋ ಸುಳ್ಳೋ ತನಗೆ ತಿಳಿಯದು, ಆದರೂ ಬರಿಯ ಶಂಕೆಯನ್ನೇ ನಿಶ್ಚಯವೆಂದು ಹಿಡಿದು ನಡೆಯುವೆನೆಂದು ಇಯಾಗೊ ಮೊದಲನೆಯ ಅಂಕದಲ್ಲಿಯೇ ತನ್ನಲ್ಲಿ ತಾನು ಆಡಿಕೊಳ್ಳುತ್ತಾನೆ. ಮುಂದೆ ಒಥೆಲೊಗೆ ಅಂಟಿಸುವ ಬೇನೆಯನ್ನು ಅವನು ಮೊದಲೇ ತನ್ನೊಳಗೆ ಸಾಕಿಕೊಂಡಿದ್ದಾನೆ!

ಮೂರನೆಯ ಅಂಕದ ಮೂರನೆಯ ದೃಶ್ಯವನ್ನು ನಿಧಾನವಾಗಿ ಓದಬೇಕು. ಸುಮಾರು 480 ಪಂಕ್ತಿಗಳ ಈ ಒಂದೇ ದೃಶ್ಯದ ಆರಂಭದಲ್ಲಿ ಒಥೆಲೊ ಹೆಂಡತಿಯ ಮಾತನ್ನು ಮೀರದ ಗಂಡ; ಅಂತ್ಯದಲ್ಲಿ ಅವಳ ಕೊಲೆಗೆ ಸಂಕಲ್ಪ ತೊಟ್ಟವನು. ನಡುವೆ ಇಯಾಗೊ ಮಾಡಿದ್ದಾದರೂ ಏನು? ಕ್ಯಾಸಿಯೊ ಡೆಸ್ಡಿಮೋನಳ ಬಳಿಯಿಂದ ಹೊರಟುಹೋಗುವುದನ್ನು ಕಂಡು, ತನಗೆ ಇದು ಹಿಡಿಸಲಿಲ್ಲವೆಂದು ಗೊಣಗುತ್ತಾನೆ. ಏನೆಂದು ಕೇಳಿದರೆ, ಏನೂ ಇಲ್ಲವೆನ್ನುತ್ತಾನೆ. ಬಳಿಕ ಒಥೆಲೊ ಆಡಿದ ಪದಗಳನ್ನೇ ಹಿಡಿದು ಪ್ರಶ್ನೆಯಾಗಿ ಹಿಂದಿರುಗಿಸುತ್ತಾನೆ. ಕೊನೆಗೆ, ಮಾತ್ಸರ್ಯಕ್ಕೆ ಎಡೆಗೊಡಬಾರದೆಂದು ಹಿತವನ್ನೂ ನುಡಿಯುತ್ತಾನೆ. ಇಷ್ಟರವರೆಗೆ ಹಿಡಿದು ತೋರಿಸಬಹುದಾದ ಸುಳ್ಳು ಅವನ ಮಾತಿನಲ್ಲಿ ಬಹು ವಿರಳ. ಕ್ಯಾಸಿಯೊ ನಿದ್ದೆಯಲ್ಲಿ ಕನವರಿಸಿದನೆಂಬ ಕಟ್ಟುಕಥೆ ಬರುವುದು ಬೀಜ ಮೊಳೆತ ಮೇಲೆ.

ಇಂಗ್ಲಿಷಿನಲ್ಲಿ ಈ ಕೆಲಸವೆಲ್ಲ ಮೌನದಿಂದ, ತಡವರಿಕೆಯಿಂದ, ಪ್ರಶ್ನೆಯ ಧ್ವನಿಯಿಂದ ನಡೆಯಬೇಕು. ಕನ್ನಡದಲ್ಲಿ ಒಂದೊಂದು ಪ್ರತ್ಯಯ ಸಾಕು. ಶಿಕಾರಿಪುರ ಸೊರಬದ ಸೀಮೆಯ ತೊಗರ್ಸಿಯಲ್ಲಾಗಲಿ, ನಾಡಿನ ಬೇರಾವ ಊರಿನಲ್ಲಾಗಲಿ, ಸಂಜೆ ಜಗುಲಿಯ ಮೇಲೆ ಕುಳಿತವರ ಮಾತಿಗೆ ಕಿವಿಗೊಟ್ಟರೆ ಇದು ಮನದಟ್ಟಾಗುತ್ತದೆ. ‘ಅವನು ಬಂದಿದ್ದ’ ಎಂದರೆ ಹೇಳಿದವನು ಆ ಮಾತಿಗೆ ಹೊಣೆ. ‘ಬಂದಿದ್ದನಂತೆ’ ಎಂದರೆ ಹೊಣೆ ಊರಿನದು. ‘ಬಂದಿದ್ದನೋ ಏನೋ’ ಎಂದರೆ ಹೊಣೆ ಯಾರದೂ ಅಲ್ಲ. ಆದರೆ ಕೇಳಿದವನ ಮನಸ್ಸಿನಲ್ಲಿ ಅವನು ಬಂದೇ ಇದ್ದಾನೆ. ‘ಅಂತೆ’ ಎಂಬ ಎರಡಕ್ಷರ ಎಷ್ಟು ಮನೆಗಳನ್ನು ಮುರಿದಿದೆಯೆಂಬುದು ಭಾಷಾಶಾಸ್ತ್ರಜ್ಞರ ಲೆಕ್ಕಕ್ಕೆ ಬಾರದ ವಿಷಯ. ಇಯಾಗೊವಿನ ಮಾತನ್ನು ಕನ್ನಡಕ್ಕೆ ತರುವವರಿಗೆ ಇದು ವರವೂ ಹೌದು, ಅಪಾಯವೂ ಹೌದು. ಪ್ರತ್ಯಯಗಳನ್ನು ಧಾರಾಳವಾಗಿ ಬಳಸಿದರೆ ಪ್ರೇಕ್ಷಕನಿಗೆ ಇಯಾಗೊ ಚಾಡಿಕೋರನೆಂಬುದು ಮೊದಲ ಮಾತಿಗೇ ತಿಳಿದುಹೋಗುತ್ತದೆ; ಅಂಥವನನ್ನು ನಂಬಿದ ಒಥೆಲೊ ಮತ್ತೆ ಮೂರ್ಖನಾಗಿಯೇ ಕಾಣುತ್ತಾನೆ.

ಇದಕ್ಕಿಂತ ಕಠಿನವಾದ ತೊಡಕು ‘ಆನೆಸ್ಟ್’ ಎಂಬ ಪದದ್ದು. ಈ ಪದವೂ ಅದರ ಭಾವನಾಮವೂ ನಾಟಕದಲ್ಲಿ ಒಟ್ಟು 52 ಸಲ ಬರುತ್ತವೆಂದು ವಿಮರ್ಶಕ ಎಂಪ್ಸನ್ ಎಣಿಸಿದ್ದಾರೆ. ಸೈನಿಕನ ನಂಬಿಕೆಗೂ ಸ್ತ್ರೀಯ ಶೀಲಕ್ಕೂ ಇಂಗ್ಲಿಷಿನಲ್ಲಿ ಅಂದು ಆ ಒಂದೇ ಪದ ಸಲ್ಲುತ್ತಿತ್ತು. ಆದುದರಿಂದ ಕ್ಯಾಸಿಯೊನ ವಿಷಯದಲ್ಲಿ ಆಡಿದ ಪದ ತನ್ನಷ್ಟಕ್ಕೆ ತಾನೇ ಜಾರಿ ಡೆಸ್ಡಿಮೋನಳ ಮೇಲೆ ಬೀಳುತ್ತದೆ. ನಾವಾದರೋ ಗಂಡಸಿಗೆ ‘ಪ್ರಾಮಾಣಿಕ’ ಎಂದೂ ಹೆಂಗಸಿಗೆ ‘ಶೀಲವತಿ’ ಎಂದೂ ಬೇರೆಬೇರೆ ಪದಗಳನ್ನಿಟ್ಟುಕೊಂಡಿದ್ದೇವೆ. ಜಾರುವುದಕ್ಕೆ ದಾರಿಯೇ ಇಲ್ಲ. ‘ಶುದ್ಧ’ ಎಂಬ ಪದ ಇಬ್ಬರಿಗೂ ಸಲ್ಲುವುದರಿಂದ ಅದನ್ನು ಪ್ರಯತ್ನಿಸಬಹುದೆಂದು ನಮಗೆ ತೋರುತ್ತದೆ.

ಕನ್ನಡಕ್ಕೆ ಈ ನಾಟಕ ಬಂದ ಬಗೆಯೂ ಗಮನಾರ್ಹವಾದುದು. ಮೈಸೂರಿನ ಆಸ್ಥಾನಕವಿ ಬಸವಪ್ಪಶಾಸ್ತ್ರಿಗಳು (1843–1891) ಸಿ. ಸುಬ್ಬರಾಯರ ನೆರವಿನಿಂದ ಇದನ್ನು ‘ಶೂರಸೇನ ಚರಿತ್ರೆ’ಯಾಗಿ ರೂಪಿಸಿದರು. ಮೂಲದ ಶೀರ್ಷಿಕೆ ನಾಯಕನನ್ನು ವೆನಿಸ್ಸಿನ ಮೂರ್ ಎಂದು ಕರೆದು, ಅವನು ಪರಕೀಯನೆಂಬುದನ್ನು ಮುಂದಿಡುತ್ತದೆ. ಕನ್ನಡದ ಹೆಸರು ಅವನ ಪರಾಕ್ರಮವನ್ನು ಮುಂದಿಡುತ್ತದೆ. ವೆನಿಸ್ಸಿನ ಹೆಂಗಸರ ರೀತಿನೀತಿ ನಿನಗೆ ತಿಳಿಯದು ಎಂಬುದು ಇಯಾಗೊವಿನ ಅತ್ಯಂತ ಹರಿತವಾದ ಬಾಣವೆಂಬುದನ್ನು ನೆನೆದರೆ ಈ ಬದಲಾವಣೆ ಸಣ್ಣದಲ್ಲ. ಶಿವಮೊಗ್ಗೆಯ ಸಹ್ಯಾದ್ರಿ ಕಾಲೇಜಿನಲ್ಲಿ ಕೆಲಕಾಲ ಭೂವಿಜ್ಞಾನದ ಅಧ್ಯಾಪಕರಾಗಿದ್ದ ಕವಿ ಕೆ. ಎಸ್. ನಿಸಾರ್ ಅಹಮದ್ ಮುಂದೆ ಇದನ್ನು ಮೂಲದ ಹೆಸರಿನಲ್ಲಿಯೇ ಅನುವಾದಿಸಿದರು.

ನಮ್ಮ ವಿದ್ಯಾರ್ಥಿಗಳಿಗೆ ಇದರ ಪಕ್ಕದಲ್ಲಿಟ್ಟು ಬೋಧಿಸಬೇಕಾದ ಕೃತಿ, ನಾಟಕವಲ್ಲದಿದ್ದರೂ, 1209ರಲ್ಲಿ ಜನ್ನ ರಚಿಸಿದ ‘ಯಶೋಧರ ಚರಿತೆ’. ಅಲ್ಲಿ ಅರಸನು ರಾತ್ರಿ ರಾಣಿಯನ್ನು ಹಿಂಬಾಲಿಸಿ ಹೋಗಿ, ಅವಳು ವಿಕಾರರೂಪಿಯಾದ ಮಾವುತನಲ್ಲಿ ಅನುರಕ್ತಳಾಗಿರುವುದನ್ನು ಕಣ್ಣಾರೆ ಕಾಣುತ್ತಾನೆ. ಕತ್ತಿಯನ್ನು ಎತ್ತಿ, ತಡೆದುಕೊಳ್ಳುತ್ತಾನೆ. ಕಂಡವನು ಕೊಲ್ಲಲಿಲ್ಲ; ಏನನ್ನೂ ಕಾಣದವನು ಕೊಂದನು. ಆದರೆ ಯಶೋಧರನಿಗೂ ಉಳಿಗಾಲವಿಲ್ಲ. ಕಂಡದ್ದನ್ನು ತಾಯಿಗೆ ನೇರವಾಗಿ ಹೇಳಲಾರದೆ ಕನಸೆಂದು ಮರೆಮಾಚುತ್ತಾನೆ. ಆ ಮರೆಯಿಂದಲೇ ಹಿಟ್ಟಿನ ಕೋಳಿಯ ಬಲಿಯೂ ವಿಷದ ಊಟವೂ ಜನ್ಮಾಂತರಗಳ ಬೇಗೆಯೂ ಹುಟ್ಟುತ್ತವೆ.

ಅಂಥ ಸಣ್ಣ ಮರೆಗಳು ಇಂಗ್ಲಿಷ್ ನಾಟಕದಲ್ಲಿಯೂ ಇವೆ. ಅವು ಒಳ್ಳೆಯವರವೇ ಆಗಿವೆ ಎಂಬುದನ್ನು ಮರೆಯಬಾರದು. ಬಿದ್ದ ಕರವಸ್ತ್ರವನ್ನು ಗಂಡನಿಗೆ ಕೊಟ್ಟ ಎಮಿಲಿಯ, ಒಡತಿ ಕೇಳಿದಾಗ ತಾನರಿಯೆನೆನ್ನುತ್ತಾಳೆ. ಡೆಸ್ಡಿಮೋನಳು ಹೆದರಿ, ಅದು ಕಳೆದಿಲ್ಲವೆಂದು ಗಂಡನಿಗೆ ಹೇಳುತ್ತಾಳೆ. ಒಂದು ಬಟ್ಟೆಯ ತುಂಡಿಗಾಗಿ ಇಷ್ಟು ರಾದ್ಧಾಂತವೇ ಎಂದು 1693ರಲ್ಲಿಯೇ ರೈಮರ್ ಎಂಬ ವಿಮರ್ಶಕ ಗೇಲಿಮಾಡಿದ್ದನು. ಅವನು ಗಮನಿಸದೆ ಬಿಟ್ಟುದು ಒಂದುಂಟು. ಮೊದಲನೆಯ ಅಂಕದಲ್ಲಿ ಒಥೆಲೊವೇ ಆಪಾದಿತ: ಮಾಟಮಂತ್ರದಿಂದ ಮಗಳನ್ನು ಮರುಳುಮಾಡಿದನೆಂದು ಮಾವನ ದೂರು. ಆಗ ಅವನು ಸಭೆಯನ್ನು ಬೇಡುವುದು, ಆಕೆಯನ್ನೇ ಕರೆಸಿ ಕೇಳಿರಿ ಎಂದು. ಸಭೆ ಕರೆಸುತ್ತದೆ, ಕೇಳುತ್ತದೆ, ಅವನು ಉಳಿಯುತ್ತಾನೆ. ಐದನೆಯ ಅಂಕದಲ್ಲಿ ಹೆಂಡತಿ ಅದೇ ನ್ಯಾಯವನ್ನು ಅವನಲ್ಲಿ ಬೇಡುತ್ತಾಳೆ: ಕ್ಯಾಸಿಯೊನನ್ನು ಕರೆಸಿ ಕೇಳು. ಅವನಾಗಲೇ ಸತ್ತನೆಂದು ನಂಬಿದ ಒಥೆಲೊ ಆ ಬೇಡಿಕೆಯನ್ನು ತಳ್ಳಿಹಾಕುತ್ತಾನೆ. ಕ್ಯಾಸಿಯೊ ಬದುಕಿಯೇ ಇರುತ್ತಾನೆ.

ಕರೆಯದೆಯೇ ಬಂದು ಸಾಕ್ಷಿ ನುಡಿಯುವವಳು ಎಮಿಲಿಯ. ಅಭಿನಯಿಸುವ ವಿದ್ಯಾರ್ಥಿನಿಯರು ಅವಳ ಕಡೆಯ ಮಾತುಗಳನ್ನು ಗಮನವಿಟ್ಟು ನೋಡಬೇಕು. ಕರವಸ್ತ್ರ ತನಗೆ ಸಿಕ್ಕಿತು, ತಾನೇ ಗಂಡನಿಗೆ ಕೊಟ್ಟೆ ಎಂದು ಅವಳು ನೇರವಾಗಿ ನುಡಿಯುತ್ತಾಳೆ. ಕನ್ನಡದಲ್ಲಿ ಆಡಿಸುವಾಗ ಅಲ್ಲಿ ‘ಅಂತೆ’ಯಾಗಲಿ ‘ಏನೋ’ ಆಗಲಿ ಒಂದೂ ನುಸುಳಕೂಡದು. ಆ ಮಾತಿಗಾಗಿ ಗಂಡನ ಕತ್ತಿಗೆ ಅವಳು ಬಲಿಯಾಗುತ್ತಾಳೆ. ಏಕೆ ಹೀಗೆ ಮಾಡಿದೆಯೆಂದು ಕೇಳಿದರೆ, ಇನ್ನು ತಾನು ಮಾತನಾಡುವುದಿಲ್ಲವೆಂದು ಇಯಾಗೊ ಬಾಯಿ ಮುಚ್ಚಿಕೊಳ್ಳುತ್ತಾನೆ.